ಕೆನೆತ್ ಆಂಡರ್ಸನ್: ಹೊಸೂರು ಸೀಮೆಯ ಕಾಡು ಬರೆಸಿದ ಕತೆಗಳು

ಕೆನೆತ್ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ (1910–1974) ಬೆಂಗಳೂರಿನಲ್ಲಿ ಬದುಕು ಕಳೆದ ಸ್ಕಾಟಿಷ್ ಮೂಲದ ಬೇಟೆಗಾರ, ವಿಮಾನ ಕಾರ್ಖಾನೆಯ ಅಧಿಕಾರಿ, ಇಂಗ್ಲಿಷ್ ಲೇಖಕ. ದಕ್ಷಿಣ ಭಾರತದ ನರಭಕ್ಷಕ ಹುಲಿ, ಚಿರತೆಗಳ ಬೆನ್ನುಹತ್ತಿದ ಅನುಭವಗಳನ್ನು ಬರೆದು ಹೆಸರಾದ. ಪುಸ್ತಕದಂಗಡಿಗಳು ಆತನ ಪುಸ್ತಕಗಳನ್ನು ಶಿಕಾರಿ ಸಾಹಿತ್ಯದ ಕಪಾಟಿನಲ್ಲಿಡುತ್ತವೆ. ಅದು ಸರಿಯೇ, ಆದರೆ ಅರ್ಧ ಸರಿ. ಆತನ ಪುಟಗಳಲ್ಲಿ ಕೋವಿ ಸಿಡಿಯುವ ಹೊತ್ತು ಬಹಳ ಕಡಿಮೆ. ಕತ್ತಲಲ್ಲಿ ಕೂತು ಕಾಯುವ ಹೊತ್ತು ಬಹಳ ಹೆಚ್ಚು. ಎಲೆಯೊಂದು ಅಲುಗಿದ್ದು ಮೃಗದಿಂದಲೋ ಗಾಳಿಯಿಂದಲೋ ಇನ್ನೇನರಿಂದಲೋ ಎಂದು ತಿಳಿಯದ ಆ ಗಳಿಗೆಗಳಲ್ಲಿ ಆಂಡರ್ಸನ್ ಬೇಟೆಯ ವರದಿಗಾರನಿಗಿಂತ ಭಯಾನಕ, ಅದ್ಭುತ ರಸಗಳ ಕತೆಗಾರನಿಗೆ ಹತ್ತಿರವಾಗುತ್ತಾನೆ. ಆ ಕತ್ತಲಿನ ಬಹುಪಾಲು ಇಂದಿನ ಕೃಷ್ಣಗಿರಿ ಜಿಲ್ಲೆಯದು: ಹೊಸೂರಿನಿಂದ ದಕ್ಷಿಣಕ್ಕೆ ತಳಿ, ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಗಳನ್ನು ದಾಟಿ ಕಾವೇರಿಗೆ ಇಳಿಯುವ ಕಾಡು.

ಆಂಡರ್ಸನ್ ಓಡಾಡುತ್ತಿದ್ದ ಕಾಲದಲ್ಲಿ ಕೃಷ್ಣಗಿರಿ ಜಿಲ್ಲೆ ಎಂಬುದೇ ಇರಲಿಲ್ಲ. ಹೊಸೂರು ಆಗ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆ ಹುಟ್ಟಿತು, ಅದನ್ನು ಒಡೆದು 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಮಾಡಿದರು. ಹೀಗಾಗಿ ಹಳೆಯ ಪುಸ್ತಕಗಳಲ್ಲಿ ಈ ಊರುಗಳೆಲ್ಲ ಸೇಲಂ ಜಿಲ್ಲೆಯ ಲೆಕ್ಕದಲ್ಲಿ ಬರುತ್ತವೆ. ಬೆಂಗಳೂರಿನಿಂದ ಹೊಸೂರು ಸುಮಾರು 40 ಕಿಲೋಮೀಟರ್. ಅಲ್ಲಿಂದ ಡೆಂಕಣಿಕೋಟೆ ಇನ್ನೊಂದು 25 ಕಿಲೋಮೀಟರ್ ಆಸುಪಾಸು. ಅತ್ತಿಬೆಲೆ ದಾಟಿದರೆ ಮೈಸೂರು ಸಂಸ್ಥಾನ ಮುಗಿದು ಬ್ರಿಟಿಷರ ನೇರ ಆಡಳಿತ ಶುರುವಾಗುತ್ತಿತ್ತು. ಜನರ ಬಾಯಲ್ಲಿ ಮಾತ್ರ ಗಡಿ ಅಷ್ಟು ಸುಲಭವಾಗಿ ಕಾಣುತ್ತಿರಲಿಲ್ಲ. ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಓಡಾಡುತ್ತವೆ. ರಾಜಾಜಿ ಹುಟ್ಟಿದ ತೊರಪಳ್ಳಿ ಇರುವುದೂ ಹೊಸೂರಿನ ಮಗ್ಗುಲಲ್ಲೇ.

ದಕ್ಷಿಣಕ್ಕೆ ಹೋದಂತೆ ನೆಲ ಏಳುತ್ತದೆ. ಮೇಲಗಿರಿ ಬೆಟ್ಟಸಾಲು, ಬೆಟ್ಟಮುಗಿಲಾಳದ ಎತ್ತರ, ಗುತ್ತಿರಾಯನ ಶಿಖರ. ಇಳಿಜಾರಿನಲ್ಲಿ ಬಿದಿರು, ಕುರುಚಲು, ಮುಳ್ಳುಪೊದೆ. ತಳದಲ್ಲಿ ಬೇಸಗೆಯಲ್ಲಿ ಬರೀ ಮರಳಾಗಿ ಮಲಗುವ ದೊಡ್ಡಹಳ್ಳ, ಚಿನ್ನಾರ್‌ನಂಥ ಹೊಳೆಗಳು. ಚಿನ್ನಾರ್ ಹೊಗೇನಕಲ್ಲಿನ ಬಳಿ ಕಾವೇರಿಗೆ ಸೇರುತ್ತದೆ. ಮಲೆನಾಡಿನ ದಟ್ಟ ಹಸಿರು ಇಲ್ಲಿಲ್ಲ. ಇದು ಒಣಕಾಡು, ತರಗೆಲೆಯ ಕಾಡು. ಹೆಜ್ಜೆಯ ಸದ್ದು ದೂರದಿಂದಲೇ ಕೇಳುತ್ತದೆ. ಹೊಳೆಯ ಮರಳಿನಲ್ಲಿ ರಾತ್ರಿ ನಡೆದವರ ಗುರುತು ಬೆಳಗ್ಗೆ ಓದಲು ಸಿಗುತ್ತದೆ. ಕಿವಿ ಮತ್ತು ಹೆಜ್ಜೆಗುರುತು ಆಂಡರ್ಸನ್ ಕತೆಗಳ ಎರಡು ಮುಖ್ಯ ಸಾಧನಗಳಾದದ್ದರಲ್ಲಿ ಈ ಒಣಕಾಡಿನ ಪಾಲು ದೊಡ್ಡದು.

ನೌಕರಿ ಮತ್ತು ರಜೆ

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದಿನ ಬೊಲಾರಂನಲ್ಲಿ. ಆರು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿದ್ದ ಮನೆತನ. ತಂದೆ ಸೈನಿಕರ ಸಂಬಳದ ಲೆಕ್ಕಪತ್ರ ನೋಡುವ ಕಚೇರಿಯಲ್ಲಿ ಅಧಿಕಾರಿ, ತಾನೂ ಬೇಟೆಗಾರ. ಮಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಹದಿನೈದು ವರ್ಷ ದುಡಿದ ಮೇಲೆ, ಮುಂದೆ ಎಚ್‌ಎಎಲ್ ಎಂದಾದ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕನ ದರ್ಜೆಗೆ ಏರಿದ. ಕನ್ನಡ, ತಮಿಳು ಎರಡನ್ನೂ ಮಾತಾಡುತ್ತಿದ್ದ.

ಈ ನೌಕರಿಯ ವಿಚಾರ ಜೀವನಚರಿತ್ರೆಯ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಕತೆಗಳ ಅಚ್ಚು ತಯಾರಾದದ್ದೇ ಅಲ್ಲಿ. ಕುಮಾವೂಂನ ನರಭಕ್ಷಕಗಳ ಬಗ್ಗೆ 1944ರಲ್ಲಿ ಪುಸ್ತಕ ಬರೆದು ಜಗತ್ಪ್ರಸಿದ್ಧನಾದ ಜಿಮ್ ಕಾರ್ಬೆಟ್ ವಾರಗಟ್ಟಲೆ ಬೆಟ್ಟಗಳಲ್ಲಿ ಅಲೆಯಬಲ್ಲವನಾಗಿದ್ದ. ಆಂಡರ್ಸನ್‌ಗೆ ಆ ಸವಲತ್ತಿಲ್ಲ. ಆತನದು ರಜಾ ಅರ್ಜಿಯ ಬೇಟೆ. ಎಲ್ಲೋ ಒಂದು ಹಳ್ಳಿಯಿಂದ ತಂತಿಯೋ ಕಾಗದವೋ ಬರುತ್ತದೆ. ರಜೆ ಗೊತ್ತುಮಾಡಿಕೊಂಡು ಕಾರು ಹೊರಡುತ್ತದೆ. ಮೊದಲ ರಾತ್ರಿ ಏನೂ ಬರುವುದಿಲ್ಲ, ಎರಡನೆಯ ರಾತ್ರಿ ಬೇರೆ ಊರಿನಲ್ಲಿ ಸಾವಾಗುತ್ತದೆ. ರಜೆ ಕರಗುತ್ತ ಬರುತ್ತದೆ. ಕತೆಯ ಒತ್ತಡ ಹುಲಿಯಿಂದ ಎಷ್ಟು ಬರುತ್ತದೋ ಕ್ಯಾಲೆಂಡರಿನಿಂದಲೂ ಅಷ್ಟೇ ಬರುತ್ತದೆ. ಕಾಲಮಿತಿ ಹಾಕಿ ಓದುಗನನ್ನು ಕಟ್ಟಿಹಾಕುವ ಈ ತಂತ್ರವನ್ನು ಪತ್ತೇದಾರಿ ಕಾದಂಬರಿಕಾರರು ಯೋಚಿಸಿ ಹೆಣೆಯಬೇಕು. ಆಂಡರ್ಸನ್‌ಗೆ ಅದು ಕಾರ್ಖಾನೆಯ ಹಾಜರಿ ಪುಸ್ತಕದಿಂದ ಪುಕ್ಕಟೆಯಾಗಿ ಬಂದಿತ್ತು.

ಹೊಸೂರು ಸೀಮೆಗೆ ಆತ ಮತ್ತೆ ಮತ್ತೆ ಮರಳಿದ್ದಕ್ಕೂ ಕಾರಣ ಇದೇ. ಶನಿವಾರ ಸಂಜೆ ಬೆಂಗಳೂರು ಬಿಟ್ಟರೆ ರಾತ್ರಿಯೊಳಗೆ ಕಾಡು. ಸೋಮವಾರ ಬೆಳಗ್ಗೆ ಮತ್ತೆ ಕೆಲಸ. ಶಿವಮೊಗ್ಗದ ಕಾಡು, ಚಿತ್ತೂರಿನ ಚಾಮಲ ಕಣಿವೆ, ನೀಲಗಿರಿ ತಪ್ಪಲಿನ ಸೇಗೂರು ಇವೆಲ್ಲ ದೊಡ್ಡ ರಜೆಯ ಊರುಗಳು. ಡೆಂಕಣಿಕೋಟೆ, ಅಂಚೆಟ್ಟಿಗಳು ವಾರಾಂತ್ಯದವು, ಹಾಗಾಗಿ ಮನೆಯ ಹಿತ್ತಲಿನಷ್ಟು ಪರಿಚಿತ. ಅಲ್ಲಿನ ಹಳ್ಳಿಗಳನ್ನು ಬರೆಯುವಾಗ ಆತನ ಕೈ ಪ್ರವಾಸಿಯದಾಗಿ ಉಳಿಯುವುದಿಲ್ಲ. ಯಾವ ಹಳ್ಳ ಎಲ್ಲಿ ತಿರುಗುತ್ತದೆ, ಯಾವ ಕುಂಟೆಯಲ್ಲಿ ಬೇಸಗೆಯಲ್ಲೂ ನೀರಿರುತ್ತದೆ, ಯಾವ ಬಂಗಲೆಯಿಂದ ಯಾವ ದೊಡ್ಡಿಗೆ ಕಾಲುದಾರಿ ಎಂದೆಲ್ಲ ಓದುಗನಿಗೆ ನಕ್ಷೆ ಬೇಕಾಗದಷ್ಟು ವಿವರವಾಗಿ ಹೇಳುತ್ತಾನೆ. ಅವಸರದ ಓದುಗರಿಗೆ ಇದು ಬೇಸರ ತರಿಸುವುದೂ ಉಂಟು.

ಮೂರು ಊರು, ಮೂರು ಮೃಗ

ಮೊದಲ ಪುಸ್ತಕ ಪ್ರಕಟವಾದದ್ದು 1954ರಲ್ಲಿ, ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್ ಪ್ರಕಾಶನದಿಂದ. ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆ ಎಂದು ಲೆಕ್ಕ ಹೇಳುವ ಶೀರ್ಷಿಕೆ. ಅದರ ಮೊದಲ ಎರಡು ಅಧ್ಯಾಯಗಳೂ ಹೊಸೂರು ಸೀಮೆಯವೇ: ಜವಳಗಿರಿಯ ಹೆಣ್ಣುಹುಲಿ ಮತ್ತು ಗುಮ್ಮಳಾಪುರದ ಚಿರತೆ.

ಜವಳಗಿರಿಯ ಕತೆ ಧ್ವನಿಯ ಕತೆ. ಹುಲಿಗಳು ಜೋಡಿ ಹುಡುಕುವ ಕಾಲ. ಸೂಳೆಕುಂಟೆ ಎಂಬ ನೀರಿನ ತಾಣದ ಸುತ್ತ ಕಾವಲು ನಡೆಯುತ್ತದೆ. ಕೊನೆಗೆ ಆಂಡರ್ಸನ್ ಎದೆ ತುಂಬ ಉಸಿರೆಳೆದು ಗಂಡುಹುಲಿಯಂತೆ ಕೂಗು ಹಾಕುತ್ತಾನೆ. ಹೆಣ್ಣುಹುಲಿ ಅದಕ್ಕೆ ಓಗೊಟ್ಟು ತಾನಾಗಿ ನಡೆದು ಬರುತ್ತದೆ. ಕೊಂದವನಿಗೆ ಇದರಲ್ಲಿ ಗೆಲುವಿನ ಹಿಗ್ಗು ಅಷ್ಟಾಗಿ ಇಲ್ಲ. ಮೋಸದ ಕೂಗಿನಿಂದ ಕರೆದು ಕೊಂದೆನಲ್ಲ ಎಂಬ ಕಸಿವಿಸಿ ಓದುಗನಿಗೂ ದಾಟುತ್ತದೆ. ಕಾರ್ಬೆಟ್ ಕೂಡ ಇಂಥದೇ ಕೂಗಿನಿಂದ ಒಂದು ನರಭಕ್ಷಕವನ್ನು ಕರೆದದ್ದುಂಟು. ಆಂಡರ್ಸನ್ ಅವನಿಂದ ಕಲಿತನೇ, ಕಾಡೇ ಇಬ್ಬರಿಗೂ ಕಲಿಸಿತೇ ಎಂಬುದು ಇಬ್ಬರ ಅಭಿಮಾನಿಗಳೂ ಹಟ ಹಿಡಿದು ವಾದಿಸಬಹುದಾದ ಪ್ರಶ್ನೆ.

ಗುಮ್ಮಳಾಪುರದ ಚಿರತೆಯ ಲೆಕ್ಕಕ್ಕೆ ಆಂಡರ್ಸನ್ ಕಟ್ಟುವ ಸಾವುಗಳು 42. ಅದು ಹೊಲದಲ್ಲಿ ಸಿಕ್ಕವರನ್ನು ಹಿಡಿಯುವ ಮೃಗವಾಗಿರಲಿಲ್ಲ, ಮನೆಯೊಳಕ್ಕೆ ನುಗ್ಗುತ್ತಿತ್ತು. ಹೊತ್ತು ಮುಳುಗುತ್ತಲೇ ಊರಿಗೆ ಊರೇ ಅಗುಳಿ ಹಾಕಿಕೊಂಡು ಕೂರುತ್ತದೆ. ಅಂಥ ಊರಿನ ನಡುವೆ, ಬೆಳದಿಂಗಳಿನಲ್ಲಿ ಒಬ್ಬನೇ ಕಾದು ಕೂತ ಮನುಷ್ಯ. ಸದ್ದಿಲ್ಲದ ಬೀದಿ, ಬಾಗಿಲ ಹಿಂದೆ ಉಸಿರು ಬಿಗಿಹಿಡಿದ ಜನ, ಮಾಡಿನ ಮೇಲೆ ಏನೋ ಸರಿದ ಹಾಗೆ. ಕಲ್ಪಿತ ಭಯಾನಕ ಸಾಹಿತ್ಯ ಓದುವವರಿಗೆ ಈ ದೃಶ್ಯ ಚಿರಪರಿಚಿತ. ಸ್ಮಶಾನವೂ ಪಾಳುಬಂಗಲೆಯೂ ಇಲ್ಲದೆ ಒಂದು ರಾಗಿ ಬೆಳೆಯುವ ಹಳ್ಳಿಯನ್ನು ಅಷ್ಟೇ ಭೀಕರವಾಗಿಸಿದ್ದು ಆಂಡರ್ಸನ್ನನ ಕಸುಬು. ಚಿರತೆಯನ್ನು ಆತ ಚುಕ್ಕೆಯ ಪಿಶಾಚಿ ಎಂದು ಶೀರ್ಷಿಕೆಯಲ್ಲೇ ಕರೆದ. ಆ ಕತೆಯಲ್ಲಿ ಆತನ ಜೊತೆಗಿದ್ದದ್ದು ಒಂದು ಬಡಕಲು ಬೀದಿನಾಯಿ. ಚಿರತೆ ಬಂದ ಸುಳಿವು ಕೊಟ್ಟದ್ದೂ ಅದೇ. ಅದಕ್ಕೆ ನಿಪ್ಪರ್ ಎಂದು ಹೆಸರಿಟ್ಟು ಬೆಂಗಳೂರಿಗೆ ಕರೆತಂದು ಸಾಕಿದ.

ನಾಯಿಗಳ ವಿಷಯಕ್ಕೆ ಬಂದರೆ, 1959ರಲ್ಲಿ ಬಂದ ಮೂರನೆಯ ಪುಸ್ತಕದ ಶೀರ್ಷಿಕೆಕತೆಯಲ್ಲೂ ಒಂದು ನಾಯಿ ಮೆರೆಯುತ್ತದೆ. ಡೆಂಕಣಿಕೋಟೆ ಸೀಮೆಯ ಶಿವನಿಪಳ್ಳಿ ಎಂಬ ಪುಟ್ಟ ಹಳ್ಳಿಯಲ್ಲಿ ಕರಿಚಿರತೆಯೊಂದು ದನ ಹಿಡಿಯಲು ಶುರುಮಾಡುತ್ತದೆ. ಅದರ ಜಾಡು ಹಿಡಿಯಲು ಜೊತೆಯಾಗುವುದು ಹಳ್ಳಿಯ ನಾಯಿ, ಹೆಸರು ಕುಶ್‌ಕುಶ್ ಕರಿಯ. ಇಂಗ್ಲಿಷ್ ಪುಸ್ತಕದ ನಡುವೆ ಕರಿಯ ಎಂದು ಕೂಗಿಸಿಕೊಳ್ಳುವ ನಾಯಿ ಎದುರಾದಾಗ ಕನ್ನಡ ಓದುಗನಿಗೆ ತನ್ನೂರಿನವರೇ ಸಿಕ್ಕಂತಾಗುತ್ತದೆ.

ಕರಿಚಿರತೆ ಬೇರೆ ಜಾತಿಯೇನಲ್ಲ. ಮೈಬಣ್ಣದ ಕಪ್ಪು ಹೆಚ್ಚಾದ ಮಾಮೂಲಿ ಚಿರತೆ ಅದು. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದರಷ್ಟೇ ಮರಿ ಕಪ್ಪಾಗುತ್ತದೆ, ಒಂದೇ ಸೂಲಿನಲ್ಲಿ ಕಪ್ಪುಮರಿಯೂ ಚುಕ್ಕೆಮರಿಯೂ ಹುಟ್ಟಬಹುದು. ಬಿಸಿಲಿನಲ್ಲಿ ನೋಡಿದರೆ ಕಪ್ಪಿನೊಳಗೇ ಚುಕ್ಕೆಗಳು ಕಾಣುತ್ತವೆ. ಮಳೆಕಾಡಿನ ನೆರಳಿನಲ್ಲಿ ಇವು ಹೆಚ್ಚು, ಒಣಕಾಡಿನಲ್ಲಿ ಅಪರೂಪ. ಶಿವನಿಪಳ್ಳಿಯಂಥ ಕುರುಚಲು ಸೀಮೆಯಲ್ಲಿ ಅದು ಕಾಣಿಸಿಕೊಂಡದ್ದೇ ಕತೆಗೊಂದು ನಿಗೂಢತೆ ಕೊಟ್ಟಿತು.

ಬೈರ

ಆಂಡರ್ಸನ್ ಸೃಷ್ಟಿಸಿದ ಅಥವಾ ಕಂಡುಕೊಂಡ ಪಾತ್ರಗಳಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನಿಲ್ಲುವವನು ಬೈರ. ಚಿನ್ನಾರ್ ಹೊಳೆಯ ಮಗ್ಗುಲಿನ ಮುತ್ತೂರು ಸೀಮೆಯವನು. ಆಂಡರ್ಸನ್ ಪೂಜಾರಿ ಎಂದು ಗುರುತಿಸುವ ಕಾಡುಜನರ ಗುಂಪಿಗೆ ಸೇರಿದವನು. ಹೊಳೆದಡದಲ್ಲಿ ತೋಡಿದ ಗವಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಸ, ಮೈಮೇಲೆ ತುಂಡುಬಟ್ಟೆ, ಹೊಟ್ಟೆಪಾಡಿಗೆ ಕಳ್ಳಬೇಟೆ. ಕಾನೂನಿನ ಕಣ್ಣಿಗೆ ಅಪರಾಧಿ. ಆಂಡರ್ಸನ್ ಆತನನ್ನು ಹಿಡಿದುಕೊಡಲಿಲ್ಲ, ಗುರು ಮಾಡಿಕೊಂಡ. ಮೊದಲ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವೇ ಬೈರನ ಹೆಸರಿನಲ್ಲಿದೆ.

ಬಿಳಿಯ ದೊರೆಯೂ ಕಾಡಿನ ಸೇವಕನೂ ಎಂಬ ಹಳೆಯ ವಸಾಹತು ಜೋಡಿಯೇ ಇದು ಎಂದು ಒಬ್ಬ ವಿಮರ್ಶಕ ಹೇಳಿದರೆ ತಳ್ಳಿಹಾಕುವಂತಿಲ್ಲ. ದೊರೆ ಎಂಬ ಸಂಬೋಧನೆ ಪುಟಪುಟದಲ್ಲೂ ಇದೆ, ಕೋವಿ ಯಾರ ಕೈಯಲ್ಲಿದೆ ಎಂಬುದೂ ಸ್ಪಷ್ಟ. ಆದರೆ ಕತೆಗಳ ಒಳಗಿನ ಯಜಮಾನಿಕೆ ತಿರುವುಮುರುವು. ಜಾಡು ಓದುವವನು ಬೈರ, ಮೃಗದ ಮನಸ್ಸು ಊಹಿಸುವವನು ಬೈರ, ಇವತ್ತು ಬೇಡ ಎಂದು ತಡೆಯುವವನೂ ಬೈರ. ಆಂಡರ್ಸನ್ ಕೇಳಿಸಿಕೊಳ್ಳುತ್ತಾನೆ. ಪೆನ್ನಾಗರದ ಗಾಡಿಯವ ರಂಗ ಇನ್ನೊಬ್ಬ ಸಂಗಾತಿ. ಅವನೂ ಕಾನೂನಿನ ಆಚೆಈಚೆ ಓಡಾಡುತ್ತಿದ್ದವನೇ. ಅರಣ್ಯ ಇಲಾಖೆಯ ಕಣ್ಣು ತಪ್ಪಿಸಿ ಬದುಕುವ ಇಂಥವರ ಬಗ್ಗೆ ಆಂಡರ್ಸನ್‌ಗೆ ಇದ್ದ ಸಲುಗೆ, ಕ್ಲಬ್ಬಿನ ಬಿಳಿಯರ ಬಗ್ಗೆ ಇದ್ದಂತೆ ಕಾಣುವುದಿಲ್ಲ.

ವಿಲಕ್ಷಣ ಅಭ್ಯಾಸಗಳು

ಆತನ ಕೈಯಲ್ಲಿ ಸದಾ ಇರುತ್ತಿದ್ದುದು ವಿಂಚೆಸ್ಟರ್ 1895 ಮಾದರಿಯ .405 ರೈಫಲ್. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಬೇಟೆಗೆ ಒಯ್ದದ್ದೂ ಇದೇ ಮಾದರಿ. ಭಾರತದ ಬಿಳಿಯ ಶಿಕಾರಿಗಳು ಜೋಡುನಳಿಗೆಯ ಇಂಗ್ಲಿಷ್ ರೈಫಲ್‌ಗಳನ್ನು ಮೆಚ್ಚುತ್ತಿದ್ದ ಕಾಲದಲ್ಲಿ ಇದು ತುಸು ಒರಟು ಆಯ್ಕೆ. ಪಯಣಕ್ಕೆ ಸ್ಟುಡ್‌ಬೇಕರ್ ಕಾರು. ಮಚಾನಿನ ಮೇಲೆ ಕೂರುವುದಕ್ಕಿಂತ ನೆಲದ ಮೇಲೆ, ಮರದ ಬೊಡ್ಡೆಗೆ ಒರಗಿ ಕೂರುವುದು ಆತನಿಗೆ ಹಲವು ಸಲ ಸರಿಕಂಡದ್ದುಂಟು. ಕೋವಿಯೇ ಇಲ್ಲದೆ ಒಬ್ಬನೇ ಕಾಡಿಗೆ ಹೋಗಿ ಸುಮ್ಮನೆ ಕೂತು ಬರುವ ಚಟವೂ ಇತ್ತು.

ಮನೆ ಒಂದು ಸಣ್ಣ ಮೃಗಾಲಯ. ಅಲ್ಲಿನ ವಾಸಿಗಳಲ್ಲಿ ಹೆಚ್ಚು ಹೆಸರಾದದ್ದು ಬ್ರೂನೋ ಎಂಬ ಕರಡಿಮರಿ. ಮೈಸೂರಿನ ಬಳಿಯ ಕಬ್ಬಿನ ಗದ್ದೆಗಳ ಹತ್ತಿರ ಸಿಕ್ಕಿದ್ದು, ಹೆಂಡತಿಗೆ ಉಡುಗೊರೆಯಾಗಿ ಬಂತು. ಸಿಕ್ಕಿದ್ದೆಲ್ಲ ತಿನ್ನುತ್ತಿತ್ತು. ಒಮ್ಮೆ ಇಲಿಪಾಷಾಣ ತಿಂದು ಕೈಕಾಲು ಸೋತು ಬಿದ್ದು ಬದುಕಿತು, ಇನ್ನೊಮ್ಮೆ ಕಾರಿನಿಂದ ಬಸಿದಿಟ್ಟ ಹಳೆಯ ಇಂಜಿನ್ ಎಣ್ಣೆ ಕುಡಿದು ಏನೂ ಆಗದೆ ಓಡಾಡಿಕೊಂಡಿತ್ತು. ದೊಡ್ಡದಾದ ಮೇಲೆ ಮೈಸೂರು ಮೃಗಾಲಯಕ್ಕೆ ಕಳಿಸಿದರೆ ಅಲ್ಲಿ ಮೇವು ಬಿಟ್ಟು ಕೊರಗಿತು, ಇಲ್ಲಿ ಮನೆಯೊಡತಿಯೂ ಕೊರಗಿದಳು. ಕೊನೆಗೆ ವಾಪಸು ತಂದು, ಸುತ್ತ ಒಣ ಕಂದಕ ತೋಡಿದ ನಡುಗಡ್ಡೆಯಂಥ ಜಾಗ ಮಾಡಿ ಇಟ್ಟರು. ಈ ಪ್ರಸಂಗ ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಠ್ಯವಾಗಿ ದೇಶದ ಲಕ್ಷಾಂತರ ಮಕ್ಕಳ ಓದಿಗೆ ಬಂತು. ನರಭಕ್ಷಕಗಳ ಲೇಖಕನನ್ನು ಅವರೆಲ್ಲ ಕರಡಿಯ ಪ್ರೀತಿಯ ಮೂಲಕ ಮೊದಲು ಭೇಟಿಯಾಗಿದ್ದಾರೆ. ಅದೇ ಆಂಡರ್ಸನ್ ಅರಸೀಕೆರೆ ಕಡೆಯ ಒಂದು ಕರಡಿಯನ್ನು ಕೊಂದವನು; ಅಲ್ಲಿನ ದರ್ಗಾ ನೋಡಿಕೊಳ್ಳುತ್ತಿದ್ದ ಗೆಳೆಯ ಆಲಂ ಬಕ್ಷನ ಮಗನನ್ನು ಅದು ಬಲಿ ತೆಗೆದುಕೊಂಡಿತ್ತು.

ಇನ್ನೊಂದು ಒಲವು ಅತೀಂದ್ರಿಯದ ಕಡೆಗೆ. ಮಾಟ, ಮಂತ್ರ, ದೆವ್ವ, ಕಾಡಿನವರ ಮದ್ದುಗಳ ಬಗ್ಗೆ ಆತನಿಗೆ ಬಿಡದ ಕುತೂಹಲ. ತನಗೆ ಅರ್ಥವಾಗದ ಅನುಭವಗಳನ್ನು ಅರ್ಥವಾಗಲಿಲ್ಲ ಎಂದೇ ಬರೆದಿಟ್ಟ. ವಿಮಾನ ಕಾರ್ಖಾನೆಯ ಯೋಜನಾ ವಿಭಾಗದಲ್ಲಿ ಹಗಲಿಡೀ ಅಳತೆ, ವೇಳಾಪಟ್ಟಿಗಳ ನಡುವೆ ಇದ್ದವನು ರಾತ್ರಿ ಮಾಟದ ಬಗ್ಗೆ ಗಂಭೀರವಾಗಿ ಬರೆಯುವುದು ವಿಚಿತ್ರವೇನಲ್ಲ. ಬೆಂಗಳೂರು ಅಂಥವರನ್ನು ಪದೇಪದೇ ಕಂಡಿದೆ. ಆಂಡರ್ಸನ್ ಚಿರತೆಗಳ ಬೆನ್ನುಹತ್ತಿದ್ದ ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಎದ್ದಿತು. ಮುಂದೆ ಅದೇ ಬಿಇಎಲ್‌ನಲ್ಲಿ ಇಂಜಿನಿಯರಾಗಿ ಮತಯಂತ್ರದ ಕೆಲಸದಲ್ಲಿ ಭಾಗಿಯಾದ ಸುಜಾತಾ ರಂಗರಾಜನ್, ತಮಿಳಿನ ವೈಜ್ಞಾನಿಕ ಕಲ್ಪಿತಕತೆಗೆ ಮನೆಮನೆಯ ಓದುಗರನ್ನು ಗಳಿಸಿಕೊಟ್ಟರು.

ನಿಜವೆಷ್ಟು, ಕತೆಯೆಷ್ಟು

ಆಂಡರ್ಸನ್ ಬಗ್ಗೆ ಮಾತಾಡುವ ಯಾರೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಇದು. ಸರ್ಕಾರಿ ದಾಖಲೆಯ ಲೆಕ್ಕದಲ್ಲಿ ಆತ 1939ರಿಂದ 1966ರ ನಡುವೆ ಕೊಂದ ನರಭಕ್ಷಕಗಳು ಎಂಟು ಚಿರತೆ, ಏಳು ಹುಲಿ. ದಾಖಲೆಗೆ ಸೇರದವು ಇನ್ನೂ ಹೆಚ್ಚೆಂದು ಹೇಳಿಕೆ. ಮೊದಲ ಪುಸ್ತಕ ಬಂದಾಗ ವಯಸ್ಸು 44. ಹಲವು ಘಟನೆಗಳು ಆಗಿ ವರ್ಷಗಳೇ ಉರುಳಿದ್ದವು. ನೆನಪು ತನ್ನ ಪಾಡಿಗೆ ಕೈಯಾಡಿಸಿರಲೇಬೇಕು.

ಬರವಣಿಗೆಯ ರೀತಿಯೂ ಅನುಮಾನಕ್ಕೆ ಎಡೆಕೊಡುತ್ತದೆ. ಬಹಳಷ್ಟು ಕತೆಗಳು ಶುರುವಾಗುವುದು ಆಂಡರ್ಸನ್ ಇಲ್ಲದ ಜಾಗದಲ್ಲಿ: ದನಗಾಹಿಯೊಬ್ಬ ಹೊಳೆ ದಾಟುತ್ತಾನೆ, ಹೆಂಗಸೊಬ್ಬಳು ಸೌದೆ ಹೊರೆ ಕಟ್ಟುತ್ತಾಳೆ, ಪೊದೆಯ ಹಿಂದೆ ಎರಡು ಕಣ್ಣು. ನೋಡಿದವರಲ್ಲಿ ಸತ್ತವರು ಮತ್ತು ಕೊಂದ ಮೃಗ ಬಿಟ್ಟರೆ ಯಾರೂ ಇಲ್ಲ. ಆದರೂ ಸತ್ತವರ ಮನಸ್ಸಿನಲ್ಲಿ ಆ ಗಳಿಗೆ ಏನು ಓಡುತ್ತಿತ್ತು ಎಂಬುದು ಪುಟದ ಮೇಲಿದೆ. ಇದು ವರದಿಯಲ್ಲ, ಕಾದಂಬರಿಕಾರನ ಕೆಲಸ. ಹಳ್ಳಿಯವರು ಹೇಳಿದ್ದನ್ನೂ ರಕ್ತದ ಕಲೆಯನ್ನೂ ಎಳೆದುಕೊಂಡು ಹೋದ ಗುರುತನ್ನೂ ಕೂಡಿಸಿ, ಹೀಗಾಗಿರಬೇಕು ಎಂದು ಊಹಿಸಿ, ಹೀಗಾಯಿತು ಎಂದು ಬರೆಯುವುದು. ಜಾಡು ಓದುವವನು ಕಾಡಿನಲ್ಲಿ ಮಾಡುವುದೂ ಅದನ್ನೇ ತಾನೇ. ಕಲ್ಪನೆ ಇಲ್ಲದೆ ಹೆಜ್ಜೆಗುರುತು ಏನನ್ನೂ ಹೇಳುವುದಿಲ್ಲ. ಆ ಅರ್ಥದಲ್ಲಿ ಆಂಡರ್ಸನ್ನನ ಊಹೆ ಬೈರನ ಶಾಲೆಯಲ್ಲಿ ಕಲಿತದ್ದು, ಬರೀ ಅಲಂಕಾರವಲ್ಲ.

ಕಾರ್ಬೆಟ್ ಜೊತೆ ಹೋಲಿಸುವವರು ಸಾಮಾನ್ಯವಾಗಿ ಕಾರ್ಬೆಟ್‌ಗೆ ಹೆಚ್ಚು ಅಂಕ ಕೊಡುತ್ತಾರೆ: ಸಂಯಮ, ನಿಖರತೆ, ಕಡಿಮೆ ಮಾತು. ಆಂಡರ್ಸನ್ ವಾಚಾಳಿ. ಹೊಗಳುವಾಗ ಅತಿಯಾಗಿ ಹೊಗಳುತ್ತಾನೆ, ಬೆಳದಿಂಗಳು ಬಂದರೆ ಬಿಡುವುದೇ ಇಲ್ಲ. ಕಾರ್ಬೆಟ್‌ನಲ್ಲಿ ಇಲ್ಲದ ಒಂದು ಗುಣ ಮಾತ್ರ ಈತನಿಗುಂಟು, ಅದು ತಮಾಷೆ. ಕೆಟ್ಟುನಿಂತ ಕಾರು, ಸುಳ್ಳು ಹೇಳುವ ಶಿಕಾರಿ, ಜಂಭದ ಅಧಿಕಾರಿ ಇವರೆಲ್ಲ ಹುಲಿಯಷ್ಟೇ ಜಾಗ ಪಡೆಯುತ್ತಾರೆ. 1957, 1959, 1961, 1964, 1967, 1970ರಲ್ಲಿ ಪುಸ್ತಕಗಳು ಒಂದರ ಹಿಂದೊಂದು ಬಂದವು. 1969ರಲ್ಲಿ ಒಂದು ಕಾದಂಬರಿಯನ್ನೂ ಬರೆದ. ಅದನ್ನು ನೆನೆಯುವವರು ಕಡಿಮೆ. ಕೊನೆಯ ಪುಸ್ತಕ ಹೊರಬಂದದ್ದು ತೀರಿಕೊಂಡ ಮೇಲೆ, 1976ರಲ್ಲಿ. ಮುಂದುಮುಂದಿನ ಪುಸ್ತಕಗಳಲ್ಲಿ ಕೊಲ್ಲುವ ಉಮೇದು ಇಳಿಯುತ್ತ ಹೋಗಿ, ಕಾಡು ಬರಿದಾಗುತ್ತಿರುವ ಸಂಕಟ ಏರುತ್ತ ಹೋಗುತ್ತದೆ.

ಕನ್ನಡದಲ್ಲಿ ಆಂಡರ್ಸನ್

ಕನ್ನಡಿಗರಿಗೆ ಆಂಡರ್ಸನ್ ಸಿಕ್ಕಿದ್ದು ಮೂಡಿಗೆರೆಯ ದಾರಿಯಿಂದ. ಅಲ್ಲಿ ನೆಲೆಸಿದ್ದ ಲೇಖಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) 1990ರ ದಶಕದಲ್ಲಿ ಆತನ ಅನುಭವಗಳನ್ನು ‘ಕಾಡಿನ ಕತೆಗಳು’ ಎಂಬ ಮಾಲೆಯಾಗಿ ಕನ್ನಡಕ್ಕೆ ತಂದರು: ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಕಾರ್ಬೆಟ್‌ನ ರುದ್ರಪ್ರಯಾಗದ ಚಿರತೆಯನ್ನೂ ಅವರೇ ಕನ್ನಡಿಸಿದರು. ಇವು ಪದಕ್ಕೆ ಪದ ಇಟ್ಟ ಅನುವಾದಗಳಲ್ಲ, ಭಾವಾನುವಾದಗಳು. ತೇಜಸ್ವಿ ತಮಗೆ ಬೇಕಾದಲ್ಲಿ ಕತ್ತರಿಸಿದರು, ಬೇಕಾದಲ್ಲಿ ಹಿಗ್ಗಿಸಿದರು, ಬೆಳದಿಂಗಳಿನ ವರ್ಣನೆಗೆ ಕತ್ತರಿ ಹಾಕಿದರು.

ಇಲ್ಲೊಂದು ಸ್ವಾರಸ್ಯವಿದೆ. ಆಂಡರ್ಸನ್ನನ ಹಳ್ಳಿಗರು ಮೂಲದಲ್ಲಿ ಮಾತಾಡಿದ್ದು ಕನ್ನಡ, ತಮಿಳು, ತೆಲುಗಿನಲ್ಲಿ. ಆತ ಅದನ್ನು ಒಂದು ಬಗೆಯ ಗ್ರಾಂಥಿಕ ಇಂಗ್ಲಿಷಿಗೆ ತಿರುಗಿಸಿದ್ದ. ತೇಜಸ್ವಿಯ ಕೈಗೆ ಬಂದಾಗ ಆ ಮಾತುಗಳು ಮತ್ತೆ ನೆಲಕ್ಕಿಳಿದವು. ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷ್ ಓದಿದವರಿಗೆ ಮೂಲವೇ ಅನುವಾದದಂತೆ ಕಂಡರೆ ಆಶ್ಚರ್ಯವಿಲ್ಲ.

ತೇಜಸ್ವಿ ಈ ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಅವರ ‘ಕರ್ವಾಲೊ’ (1980) ಬಂದು ಒಂದು ದಶಕ ಕಳೆದಿತ್ತು. ಹಾರುವ ಓತಿಯ ಬೆನ್ನುಹತ್ತಿ ಕಾಡು ಹೊಗುವ ಆ ಕಾದಂಬರಿಯಲ್ಲಿ ವಿಜ್ಞಾನಿಗೆ ದಾರಿ ತೋರುವವನು ಹಳ್ಳಿಯ ಉಡಾಳ ಮಂದಣ್ಣ. ಜೇನು ಕೀಳುವ ಮಂದಣ್ಣ, ಗವಿಯ ಬೈರ: ಸಮಾಜದ ಕಣ್ಣಿಗೆ ನಿಷ್ಪ್ರಯೋಜಕ, ಕಾಡಿನ ಕಣ್ಣಿಗೆ ಪಂಡಿತ. ಆಂಡರ್ಸನ್‌ನಲ್ಲಿ ತೇಜಸ್ವಿಗೆ ಕಂಡದ್ದು ಹುಲಿ ಹೊಡೆಯುವ ಶೌರ್ಯಕ್ಕಿಂತ ಈ ಬಗೆಯ ಮನುಷ್ಯರ ಮೇಲಿನ ನಂಬಿಕೆ ಇರಬೇಕು. ಲೋಕದಲ್ಲಿ ಇನ್ನೂ ಗೊತ್ತಿಲ್ಲದ್ದು ಉಳಿದಿದೆ ಎಂಬ ಬೆರಗು ಇಬ್ಬರಿಗೂ ಸಮಾನ. ತೇಜಸ್ವಿ ಅದಕ್ಕೆ ಉತ್ತರ ಹುಡುಕಿ ಜೀವವಿಕಾಸದ ಕಡೆ ಹೋದರು, ಆಂಡರ್ಸನ್ ಮಾಟಮಂತ್ರದ ಕಡೆ ಜಾರಿದ. ಕನ್ನಡದ ಓದುಗ ತೇಜಸ್ವಿಯ ದಾರಿಗೇ ಹೆಚ್ಚು ಒಲಿದದ್ದು ಒಳ್ಳೆಯದೇ ಆಯಿತು.

ಆಮೇಲೆ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಬೇಟೆಯ ಯುಗ ಮುಗಿಯಿತು. ಅದೇ ವರ್ಷ ಆಂಡರ್ಸನ್‌ಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಗೊತ್ತಾಯಿತು. 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡು, ತನ್ನ ಕಾಡುಗಳಿಗೆ ಹೊರಡುತ್ತಿದ್ದ ಅದೇ ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣಾದ. ಕರ್ನಾಟಕ, ಹೈದರಾಬಾದ್, ತಮಿಳುನಾಡುಗಳಲ್ಲಿ ಚೆದುರಿದಂತೆ ಸುಮಾರು 200 ಎಕರೆ ನೆಲ ಕೊಂಡಿದ್ದ. ಮಗ ಡೊನಾಲ್ಡ್ ಕೂಡ ಬೇಟೆಗಾರನೇ, ಬಿನ್ನಿ ಮಿಲ್ಲಿನ ನೌಕರ. ಬೆಂಗಳೂರಿನಲ್ಲೇ ಉಳಿದು 2014ರಲ್ಲಿ ತೀರಿಕೊಂಡ. ಅವನ ನೆನಪುಗಳನ್ನು ಜೋಶುವಾ ಮ್ಯಾಥ್ಯೂ ಸೇರಿಸಿ ಬರೆದ ಪುಸ್ತಕ 2018ರಲ್ಲಿ ಬಂತು. ಅಪ್ಪನ ಕತೆಗಳನ್ನು ಮಗನ ಕಣ್ಣಿನಿಂದ ನೋಡಬೇಕೆನ್ನುವವರಿಗೆ ಅದು ಒಳ್ಳೆಯ ಜೊತೆಓದು.

ಹೊಸೂರು 1970ರ ದಶಕದಿಂದ ಕೈಗಾರಿಕಾ ಪಟ್ಟಣವಾಗಿ ಬೆಳೆಯಿತು. ಲಾರಿ, ಮೋಟಾರ್ ಸೈಕಲ್, ಕೈಗಡಿಯಾರ ಎಲ್ಲ ಅಲ್ಲಿ ತಯಾರಾಗುತ್ತವೆ. ಅದರ ದಕ್ಷಿಣದ ಕಾಡಿನಲ್ಲಿ 504 ಚದರ ಕಿಲೋಮೀಟರ್ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮವಾಯಿತು. 2022ರ ನವೆಂಬರಿನಲ್ಲಿ 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ಧಾಮ ಸೇರಿತು. ಕರ್ನಾಟಕದ ಕಾವೇರಿ ಧಾಮದೊಂದಿಗೆ ಕಾಡು ಒಂದಕ್ಕೊಂದು ಹೊಂದಿಕೊಂಡಿತು. ಈ ಸೀಮೆಯಲ್ಲಿ ಕೆಲಸ ಮಾಡುವ ಸಂರಕ್ಷಣಾ ಸಂಸ್ಥೆಯೊಂದು ಕೆನೆತ್ ಆಂಡರ್ಸನ್ ನೇಚರ್ ಸೊಸೈಟಿ ಎಂದೇ ಹೆಸರಿಟ್ಟುಕೊಂಡಿದೆ. ಜವಳಗಿರಿ, ತಳಿ, ಡೆಂಕಣಿಕೋಟೆಯ ರೈತರಿಗೆ ಈಗ ರಾತ್ರಿ ನಿದ್ದೆಗೆಡಿಸುವುದು ನರಭಕ್ಷಕವಲ್ಲ, ಆನೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳು ಬರುತ್ತವೆ. ಪಟಾಕಿ, ಟಾರ್ಚು ಹಿಡಿದು ಹೊಲ ಕಾಯುವುದು ಚಳಿಗಾಲದ ಮಾಮೂಲಿ ಕೆಲಸವಾಗಿದೆ.

ಆಂಡರ್ಸನ್ ಪುಸ್ತಕ ಕೈಯಲ್ಲಿ ಹಿಡಿದು ಊರು ಹುಡುಕುತ್ತ ಬರುವ ಬೆಂಗಳೂರಿನವರೂ ಉಂಟು. ಅವರಿಗೆ ಮೊದಲ ತೊಡಕು ಆತನ ಇಂಗ್ಲಿಷ್ ಕಾಗುಣಿತದ್ದು. ನಕ್ಷೆಯಲ್ಲಿ ಇಲ್ಲದ ಊರು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಸಿಗುತ್ತದೆ, ಕೇಳುವವರು ಹೆಸರನ್ನು ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಸರಿಯಾಗಿ ಹೇಳಿದರೆ.